ಕೋಳಿಗಳ ಮಣ್ಣಿಗೆ ಹೋದ ಖಂಡಪ್ಪ

ಮಲಾಡ ಊರಿನ ಕಾಶಪ್ಪನ ಶೆಡ್ಡಿನಲ್ಲಿ ಕೋಳಿಗಳು ಬಾಯಿ ತೆರೆದು ಗೊರಗೊರ ಉಸಿರೆಳೆಯುತ್ತಿದ್ದವು. ಕೆಲವುಗಳ ಕತ್ತು ತಿರುಚಿಕೊಂಡಿತ್ತು. ನೋಡನೋಡುತ್ತ ಶೆಡ್ಡು ಬರಿದಾಯಿತು. ಪಕ್ಕದ ಶೆಡ್ಡಿನ ಖಂಡಪ್ಪ ಒಳ್ಳೆಯವನು, ಆದರೆ ಅವಸರದವನು. ನೆರೆಯವನ ಕಷ್ಟಕ್ಕೆ ಆಗದಿದ್ದರೆ ಹೇಗೆಂದು ಓಡಿ, ಸತ್ತ ಕೋಳಿಗಳನ್ನು ಹೂಳಿ ಬಂದ. ಕಾಶಪ್ಪ ಕೊಟ್ಟ ಉಳಿದ ಕಾಳಿನ ಚೀಲ ಹೆಗಲ ಮೇಲಿತ್ತು. ಇನ್ನೇನು ಮೊಟ್ಟೆಯಿಡಲಿದ್ದ ಖಂಡಪ್ಪನ ಕೋಳಿಗಳು ಅವನ ಶೆಡ್ಡಿನೊಳಗಿದ್ದವು. ಸಂಸಾರವೆಲ್ಲ ಅವುಗಳ ಮೇಲೆಯೇ ನಿಂತಿತ್ತು.

"ನಿಲ್ಲೋ ತಮ್ಮಾ!" ಬಾಗಿಲಿಗೆ ಅಡ್ಡ ನಿಂತವಳು ನೆರೆಯ ಗುರುಬಾಯಿ. ಹಿಂದೊಮ್ಮೆ ಇದೇ ರೋಗಕ್ಕೆ ತನ್ನ ಕೋಳಿಗಳನ್ನೆಲ್ಲ ಕಳೆದುಕೊಂಡು ಪಾಠ ಕಲಿತವಳು. "ಮಣ್ಣಿಗೆ ಹೋಗಿ ಬಂದಾಂವ ಜಳಕಾ ಮಾಡದ ಹೊಸ್ತಿಲಾ ದಾಟ್ತಿಯೇನು?"

"ಅದು ಮಂದಿ ಸತ್ತಾಗಕ್ಕಾ. ಕೋಳಿಗೆಂಥಾ ಸೂತಕ?"

"ಸೂತಕ ಅಲ್ಲೋ, ರೋಗ! ರಾಣಿಖೇತ್ ಅಂತಾರ, ನಾವು ಕೊಕ್ಕರಿ ರೋಗ ಅಂತೀವಿ. ನಿನ್ನ ಕೆರದಾಗ, ಧೋತರದಾಗ, ಈ ಚೀಲದಾಗ ಬರತೈತಿ. ಬಂದ ಮ್ಯಾಲ ಔಷಧಿಲ್ಲ. ಬರೂಕಿಂತ ಮೊದಲ ಲಸಿಕಿ ಹಾಕಸಬೇಕು."

"ಸೂಜಿ ಚುಚ್ಚಿಸಿದ್ರ ತತ್ತಿ ಇಡೂದಿಲ್ಲಂತ. ಮಾರ್ಕೆಟ್‌ನ್ಯಾಗ ಅಂತಾರ."

"ಸತ್ತ ಕೋಳಿ ಎಷ್ಟ ತತ್ತಿ ಇಡತೈತಿ, ಹೇಳು ನೋಡೂಣು?"

ಅಲ್ಲೇ ನಿಂತಿದ್ದ ಅವನ ಹೆಂಡತಿ ಹಾಲವ್ವ ಕಿಸಕ್ಕನೆ ನಕ್ಕಳು. ಖಂಡಪ್ಪ ಬಾಗಿಲಿನಿಂದ ಹಿಂದೆ ಸರಿದ.

ಚೀಲವನ್ನು ದೂರ ಒಯ್ದು ಸುಟ್ಟ. ಜಳಕ ಮಾಡಿ ಬಟ್ಟೆ, ಚಪ್ಪಲಿ ಬದಲಿಸಿದ. ಮರುದಿನ ಅವನು ಕರೆಸಿದ ದನದ ದವಾಖಾನೆಯ ಡಾಕ್ಟರು ಐಸ್ ತುಂಬಿದ ಥರ್ಮಾಸಿನಲ್ಲಿ ಲಸಿಕೆ ತಂದರು. ಬಿಸಿಲು ತಾಗಿದರೆ ಕೆಡುತ್ತದೆಂದು ನೆರಳಿನಲ್ಲೇ ಕೂತು ಒಂದೊಂದು ಕೋಳಿಗೂ ರೆಕ್ಕೆಯಡಿ ಚುಚ್ಚಿದರು. ರೋಗ ಮೊದಲೇ ಹೊಕ್ಕಿದ್ದರೆ ಲಸಿಕೆಯೂ ಉಳಿಸಲಾರದು ಎಂದೂ ಹೇಳಿ ಹೋದರು.

ಅಂದಿನಿಂದ ಖಂಡಪ್ಪ ರಾತ್ರಿಯೂ ಎದ್ದೆದ್ದು ಶೆಡ್ಡಿಗೆ ಹೋಗುತ್ತಿದ್ದ. ಒಂದು ಕೋಳಿ ಸೀನಿದರೂ ಅದರ ಕತ್ತು ನೋಡಲು ಓಡುತ್ತಿದ್ದ. ಯಾವುದೂ ಕತ್ತು ತಿರುಚಲಿಲ್ಲ. ವಾರಗಳು ಕಳೆದವು. ಒಂದು ಬೆಳಗ್ಗೆ ಹಾಲವ್ವ ಸೆರಗಿನಲ್ಲಿ ಬೆಚ್ಚನೆಯ ಮೊಟ್ಟೆ ಹಿಡಿದು ಓಡಿಬಂದಳು.

"ಇಟ್ಟಾವ ನೋಡ್ರಿ!"

ಖಂಡಪ್ಪ ಅಲ್ಲೇ ಕುಕ್ಕರಿಸಿದ. "ಉಳದ್ವಲ್ಲ, ಹಾಲವ್ವಾ... ನಾವೂ ಉಳದ್ವಿ" ಎಂದು ನಗುತ್ತಲೇ ಅತ್ತ. ಶೆಡ್ಡಿಗೆ ಸುಣ್ಣ ಬಳಿದು ಖಾಲಿ ಬಿಟ್ಟಿದ್ದ ಕಾಶಪ್ಪನೂ ಹೊಸ ಮರಿ ತರುವ ಮೊದಲು ಡಾಕ್ಟರ ಬಳಿ ಹೋಗಿಬಂದ.

ಕೋಳಿ ಸಾಕುವ ಅಣ್ಣಂದಿರೇ, ಅಕ್ಕಂದಿರೇ, ಖಂಡಪ್ಪನ ದೈವ ಗಟ್ಟಿಯಿತ್ತು, ಪಾರಾದ. ನೀವು ದೈವದ ಮೇಲೆ ಭಾರ ಹಾಕಿ ಕೂರಬೇಡಿ. ನೆರೆಯವರ ಕೋಳಿ ಸತ್ತರೆ ಸಮಾಧಾನ ಹೇಳಿ, ಅವರ ಶೆಡ್ಡಿನ ಚೀಲ, ಬುಟ್ಟಿ ಮಾತ್ರ ತರಬೇಡಿ. ನಿಮ್ಮ ಕೋಳಿಗಳು ಗಟ್ಟಿಮುಟ್ಟಾಗಿರುವಾಗಲೇ ಲಸಿಕೆ ಹಾಕಿಸಿ. ಸೀನಿದ ಮೇಲೆ ಓಡಿದರೆ ದವಾಖಾನೆ ಬಲು ದೂರ.