ಅಪ್ಪನ ಸಮಾಧಿ ಕಲ್ಲು, ವಿನೆಟ್ ಹಾಕಿದ ಕೇವಿಯಟ್

ಅಪ್ಪ ತೀರಿಕೊಂಡು ವರ್ಷ ಕಳೆದಿತ್ತು. ಸಮಾಧಿ ಕಲ್ಲು ಕೆತ್ತಿಸಿಯೂ ಆಗಿತ್ತು. ಆದರೆ ಕಲ್ಲು ನಿಲ್ಲಿಸುವ ಹಬ್ಬದ ಮಾತೆತ್ತಿದರೆ ಸಾಕು, "ಹಬ್ಬಕ್ಕೆ ಕಡಿಯೋ ಆಡು ಇನ್ನೂ ಕೊಬ್ಬಿಲ್ಲ" ಎನ್ನುತ್ತಿದ್ದಳು ಮಗಳು ವಿನೆಟ್. ಕೆರಿಬಿಯನ್ ಸಮುದ್ರದ ಆ ಇಡೀ ಕ್ಯಾರಿಯಾಕೂ ದ್ವೀಪದಲ್ಲಿ ಅಷ್ಟು ಕೊಬ್ಬಿದ ಆಡು ಇನ್ನೊಂದಿರಲಿಲ್ಲ!

ಒಂದು ಬೆಳಿಗ್ಗೆ ಪಕ್ಕದ ಮನೆಯ ಕ್ಲಿಯೋಡೀನ್ ಬಂದು ಅವಳ ಜೊತೆ ತೊಗರಿಕಾಯಿ ಸುಲಿಯಲು ಕೂತಳು. ವಕೀಲರ ಕಚೇರಿಯಲ್ಲಿ ಬಹಳ ಕಾಲ ದುಡಿದವಳು ಆಕೆ.

"ನಿಜ ಹೇಳೇ ವಿನೆಟ್, ಹಬ್ಬ ಯಾಕೆ ಮುಂದಕ್ಕೆ ಹಾಕ್ತಿದ್ದೀಯ?"

"ನಿನ್ನ ಹತ್ರ ಏನು ಮುಚ್ಚುಮರೆ ಅಕ್ಕಾ. ಆಲ್ಬನ್ ಅಣ್ಣ ಒಂದು ಉಯಿಲು ಹಿಡ್ಕೊಂಡು ಓಡಾಡ್ತಿದ್ದಾನೆ. ಮನೆ, ದೋಣಿ ಎರಡೂ ಅವನಿಗಂತೆ. ಕೊನೇ ವಾರದಲ್ಲಿ ಅಪ್ಪ ರುಜು ಹಾಕಿದ್ದಂತೆ. ಆಗ ಅಪ್ಪನಿಗೆ ನನ್ನ ಗುರುತೇ ಸಿಗ್ತಿರ್ಲಿಲ್ಲ! ಈ ಮನೆ ಹೋದ್ರೆ ನಾನೆಲ್ಲಿಗೆ ಹೋಗ್ಲಿ? ಕಲ್ಲು ನಿಲ್ಲಿಸೋವರೆಗೂ ಸತ್ತೋರ ಆಸ್ತಿ ಯಾರೂ ಮುಟ್ಟೋ ಹಾಗಿಲ್ವಲ್ಲ, ಅದಕ್ಕೇ..."

ಕ್ಲಿಯೋಡೀನ್ ನಕ್ಕ ರಭಸಕ್ಕೆ ಮಡಿಲಿನ ಕಾಳೆಲ್ಲ ಚೆಲ್ಲಿತು. "ಅಯ್ಯೋ ಮಂಕೇ! ಅದು ನಮ್ಮೂರ ಮಾತು. ಕೋರ್ಟಿಗೆ ನಿನ್ನ ಕಲ್ಲೂ ಗೊತ್ತಿಲ್ಲ, ಆಡೂ ಗೊತ್ತಿಲ್ಲ. ಆಲ್ಬನ್ ಪ್ರೊಬೇಟ್‌ಗೆ ಅರ್ಜಿ ಹಾಕಿದಾನೆ, ಪೇಪರಲ್ಲೇ ಬಂದಿದೆ. ಉಯಿಲು ಸರಿಯಿದೆ, ಅದರಂತೆ ನಡೆಸು ಅಂತ ಕೋರ್ಟು ಅಧಿಕಾರ ಕೊಟ್ಟುಬಿಟ್ರೆ, ಆಮೇಲೆ ಅದನ್ನ ಬಿಡಿಸೋದ್ರಲ್ಲಿ ನಿನ್ನ ಜೀವ ಹಣ್ಣಾಗುತ್ತೆ. ಅದಕ್ಕೆ ಮುಂಚೆನೇ ಕೇವಿಯಟ್ ಹಾಕು."

"ಒಡಹುಟ್ಟಿದೋನ ಮೇಲೆ ಕೇಸಾ? ನನ್ನ ಕೈಲಾಗಲ್ಲಮ್ಮ!"

"ಕೇಸ್ ಅಲ್ಲ ಕಣೇ. 'ನನಗೆ ತಿಳಿಸದೆ ಅಧಿಕಾರ ಕೊಡ್ಬೇಡಿ' ಅಂತ ಪ್ರೊಬೇಟ್ ಕಚೇರಿಗೆ ಬರೆದುಕೊಡೋದು, ಅಷ್ಟೇ."

"ಹಾಕಿದ್ರೆ ಮನೆ ನಂದಾಗುತ್ತಾ?"

"ಆಸೆ ನೋಡು! ಅದು ಬರೀ ತಡೆ. ಉಯಿಲು ನೆಟ್ಟಗಿದೆಯಾ ಅಂತ ವಿಚಾರಿಸೋಕೆ ಟೈಮ್ ಸಿಗುತ್ತೆ. ಅದಕ್ಕೂ ಅವಧಿ ಇದೆ, ಮುಗಿಯೋ ಮುಂಚೆ ನವೀಕರಿಸ್ಬೇಕು. ಆಲ್ಬನ್ ಕಡೆಯಿಂದ ನೋಟಿಸ್ ಬಂದ್ರೆ, ನಿನಗೇನು ಹಕ್ಕು, ಏನು ಅನುಮಾನ ಅಂತ ಗಡುವಿನೊಳಗೆ ಉತ್ತರ ಕೊಡ್ಬೇಕು. ಸುಮ್ನಿದ್ರೆ ತಡೆ ಬಿದ್ದುಹೋಗುತ್ತೆ. ಹೊಟ್ಟೆಕಿಚ್ಚಿಗೆ ಹಾಕಿದ್ರಂತೂ ಖರ್ಚು ನಿನ್ನ ತಲೆಗೇ."

ಮರುದಿನವೇ ಇಬ್ಬರೂ ಹಡಗು ಹತ್ತಿ, ದೊಡ್ಡ ದ್ವೀಪದಲ್ಲಿದ್ದ ಪ್ರೊಬೇಟ್ ಕಚೇರಿಗೆ ಹೋಗಿ ಕೇವಿಯಟ್ ಹಾಕಿ ಬಂದರು.

ಸುದ್ದಿ ತಿಳಿದ ಆಲ್ಬನ್ ಕೆಂಡವಾಗಿ ಬಂದ. "ನನ್ನ ಮೇಲೇ ಕೋರ್ಟಿಗೆ ಹೋದ್ಯಾ?"

"ನಿನ್ನ ಮೇಲಲ್ಲಣ್ಣ. ನನ್ನ ಮಾತೂ ಕೇಳ್ಲಿ ಅಂತ ಹೋದೆ. ರುಜು ಹಾಕುವಾಗ ಅಪ್ಪನಿಗೆ ಎಲ್ಲ ತಿಳೀತಿತ್ತು ಅಂತ ಕೋರ್ಟಲ್ಲಿ ಆಣೆ ಮಾಡ್ತೀಯಾ?"

ಆಲ್ಬನ್ ಮೆಟ್ಟಿಲ ಮೇಲೆ ಕುಸಿದು ಕೂತ. "ಅಪ್ಪ ಆಗ ನನ್ನನ್ನೂ ಯಾರೋ ಅಂದ್ಕೊಂಡಿದ್ದ ಕಣೇ," ಎಂದ. ಆ ಮಾತಿಗೆ ಇಬ್ಬರೂ ಅತ್ತರು.

ಆಮೇಲೆ ವಕೀಲರ ಮುಂದೆ ಕೂತು ಮಾತಾಡಿದರು. ಮನೆ ವಿನೆಟ್‌ಗೆ, ದೋಣಿ ಆಲ್ಬನ್‌ಗೆ ಎಂದು ಒಪ್ಪಿ, ಅದನ್ನು ಕೋರ್ಟಿನಲ್ಲಿ ಗಟ್ಟಿ ಮಾಡಿಕೊಂಡ ಮೇಲೆಯೇ ವಿನೆಟ್ ಕೇವಿಯಟ್ ಹಿಂತೆಗೆದಳು.

"ಆಡು ಕೊಬ್ತಾ?" ಎಂದಳು ಕ್ಲಿಯೋಡೀನ್.

"ಕೊಬ್ತು ಅಕ್ಕಾ!"

ಡೋಲು ಬಡಿದರು, ಮೆಕ್ಕೆಜೋಳದ ಮುದ್ದೆ ತಿರುವಿದರು. ಅಣ್ಣ ತಂಗಿ ಸೇರಿ ಕಲ್ಲು ನಿಲ್ಲಿಸಿದರು. ವಿನೆಟ್ ಅದರ ಬುಡಕ್ಕೆ ರಮ್ ಸುರಿದು, "ತುಂಬ ಕಾಯಿಸಿಬಿಟ್ಟೆ ಅಪ್ಪಾ. ಇನ್ನು ಹಾಯಾಗಿ ಮಲಕ್ಕೋ. ನಾನು ಮನೇಲೇ ಇರ್ತೀನಿ," ಎಂದಳು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯ ಉಯಿಲಿನ ಬಗ್ಗೆಯೂ ನಿಜವಾದ ಅನುಮಾನವಿದೆಯೇ? ಆಡು ಕೊಬ್ಬಲೆಂದು ಕಾಯುತ್ತ ಕೂರಬೇಡಿ. ಕೋರ್ಟು ಅಧಿಕಾರ ಕೊಡುವ ಮೊದಲೇ ವಕೀಲರನ್ನು ಕಂಡು, ನಿಮ್ಮ ಕಡೆಯ ನಿಯಮ ಕೇಳಿ, ಕೇವಿಯಟ್ ಹಾಕಿ. ಆಮೇಲೆ ಒಡಹುಟ್ಟಿದವರ ಜೊತೆ ಕೂತು ಮಾತಾಡಿ.