ಎರಡು ಮಾರ್ಕಿನ ಪ್ರಶ್ನೆ

ವಕ್ಕಲೇರಿಯ ಆಂಜಿನಮ್ಮ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಐವತ್ತಾರನೇ ವಯಸ್ಸಿನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಕಟ್ಟುತ್ತೇನೆಂದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ಸೊಸೆ ವೆಂಕಟಲಕ್ಷ್ಮಿ. ಅವಳು ಕೋಲಾರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರ್. ಅತ್ತೆಗೆ ಟೈಮ್‌ಟೇಬಲ್ ಬರೆದುಕೊಟ್ಟಳು. ಸ್ಟಾಫ್ ರೂಮಿನಲ್ಲೆಲ್ಲ ಹೇಳಿಕೊಂಡಳು.

ಆ ಖುಷಿ ಕಣ್ಣಿನ ಪಾಠದವರೆಗೆ ಇತ್ತು.

"ಕಣ್ಣೊಳಗೆ ಎಲ್ಲಾ ತಲೆಕೆಳಗಾಗಿ ಬೀಳುತ್ತೆ ಅಂತ ಬರ್ದವ್ರೆ. ಮತ್ತೆ ನೀನು ನಂಗೆ ನೆಟ್ಟಗೆ ಹೆಂಗೆ ಕಾಣ್ತಿದ್ದೀಯ?"

"ಮೆದುಳು ಸರಿ ಮಾಡ್ಕೊಳ್ಳುತ್ತೆ ಅತ್ತೆ. ಎರಡು ಮಾರ್ಕಿನ ಪ್ರಶ್ನೆ. ಬರ್ಕೊಂಡು ಮುಂದಕ್ಕೆ ಹೋಗಿ."

"ಇದು ತಲೆ, ಇದು ಕಾಲು ಅಂತ ಅದಕ್ಕೆ ಯಾರು ಹೇಳಿಕೊಟ್ರು?"

"ಅದು ಸಿಲಬಸ್‌ನಲ್ಲಿ ಇಲ್ಲ!"

ಹತ್ತು ದಿನ ಕಳೆದರೂ ಪುಟ ಮಗುಚಲಿಲ್ಲ. ಹಾಲು ಹಾಕಲು ಹೋದಾಗ ಆಂಜಿನಮ್ಮ ಡೇರಿ ಸೆಕ್ರೆಟರಿ ಚನ್ನರಾಯಪ್ಪನನ್ನೂ ಅದೇ ಕೇಳಿದರು. ಅವನು ಕೆಲಸ ಬಿಟ್ಟು ಒಂದೊಂದೇ ಕಣ್ಣು ಮುಚ್ಚಿ ನೋಡುತ್ತಾ ನಿಂತ.

ಒಂದು ಭಾನುವಾರ ಬೆಳಿಗ್ಗೆ ಅತ್ತೆ ಸೊಸೆಯನ್ನು ಕೊಟ್ಟಿಗೆಗೆ ಎಳೆದುಕೊಂಡು ಹೋಗಿ ತಗಡಿನ ಬಾಗಿಲು ಮುಚ್ಚಿದರು. ಬಾಗಿಲಲ್ಲೊಂದು ಮೊಳೆಯ ತೂತು. ಅದರಿಂದ ಬಂದ ಬೆಳಕು ಎದುರಿನ ಸುಣ್ಣದ ಗೋಡೆಯ ಮೇಲೆ ಬಿದ್ದಿತ್ತು. ಅಲ್ಲಿ ರಸ್ತೆಯಾಚೆಯ ಡೇರಿ, ಕ್ಯಾನು ಹಿಡಿದು ಸಾಲಾಗಿ ನಿಂತ ಜನ, ಎಲ್ಲರೂ ತಲೆಕೆಳಗೆ. ಚನ್ನರಾಯಪ್ಪ ಕಾಲು ಮೇಲೆ ಮಾಡಿಕೊಂಡು ಓಡಾಡುತ್ತಿದ್ದ.

"ನೋಡಮ್ಮ! ಕಣ್ಣೊಳಗೂ ಹಿಂಗೇ!"

ಹನ್ನೊಂದು ವರ್ಷದಿಂದ ಈ ಚಿತ್ರವನ್ನು ಬೋರ್ಡಿನ ಮೇಲೆ ಎರಡು ಬಣ್ಣದಲ್ಲಿ ಬರೆಯುತ್ತಿದ್ದ ವೆಂಕಟಲಕ್ಷ್ಮಿ ಕಣ್ಣಾರೆ ಕಂಡದ್ದು ಇದೇ ಮೊದಲು. ಗೋಡೆಯ ಹತ್ತಿರ ಹೋಗಿ ತಲೆ ವಾಲಿಸಿ ನೋಡಿದಳು. ಆಮೇಲೆ, "ಚೆನ್ನಾಗಿದೆ ಅತ್ತೆ. ಲೆಕ್ಕ ಯಾವಾಗ ಓದ್ತೀರಿ?" ಎಂದಳು.

ವಿಜ್ಞಾನದ ಪರೀಕ್ಷೆಯಲ್ಲಿ ಆಂಜಿನಮ್ಮ ಕಣ್ಣಿನ ಬಗ್ಗೆಯೇ ಐದು ಪುಟ ಬರೆದರು. ಅಷ್ಟರಲ್ಲಿ ಬೆಲ್ ಹೊಡೆಯಿತು. ವಿಜ್ಞಾನದಲ್ಲೂ ಲೆಕ್ಕದಲ್ಲೂ ಫೇಲು. ಸ್ಟಾಫ್ ರೂಮಿನಲ್ಲಿ ಎಲ್ಲರೂ ವೆಂಕಟಲಕ್ಷ್ಮಿಯನ್ನು ರಿಸಲ್ಟ್ ಕೇಳಿದರು. ಸಂಜೆ ಮನೆಗೆ ಬಂದವಳೇ ಅತ್ತೆಯ ಮುಂದೆ ನಿಂತಳು.

"ಪಾಸಾಗೋ ಆಸೆ ಇಲ್ದಿದ್ರೆ ಯಾಕೆ ಪರೀಕ್ಷೆ ಕಟ್ಟಿದ್ರಿ?"

"ಆಸೆ ಇತ್ತು ಕಣಮ್ಮ. ಬರೀತಾ ಬರೀತಾ ಮರ್ತೇ ಹೋಯ್ತು. ಬೆಲ್ಲು ಕೂಡ ಕೇಳಿಸ್ಲಿಲ್ಲ."

ಅವರ ಮುಖದಲ್ಲಿ ಚೂರೂ ಬೇಜಾರಿರಲಿಲ್ಲ. ವೆಂಕಟಲಕ್ಷ್ಮಿಗೆ ತಡೆಯಲಾಗದ್ದು ಅದೇ. ತಾನು ಓದಿದ ಹದಿನೇಳು ವರ್ಷಗಳಲ್ಲಿ ಬೆಲ್ಲು ಕೇಳಿಸದಷ್ಟು ಮೈಮರೆತ ಒಂದು ದಿನವನ್ನು ಹುಡುಕಿದಳು. ಸಿಗಲಿಲ್ಲ. ಅದಕ್ಕೂ ಅತ್ತೆಯ ಮೇಲೇ ಸಿಟ್ಟು ಬಂತು.

ಮರುಪರೀಕ್ಷೆಯ ಅರ್ಜಿಯನ್ನು ತಾನೇ ತುಂಬಿ ಮುಂದಿಟ್ಟಳು. ಆಂಜಿನಮ್ಮ ಸೈನ್ ಹಾಕಿ, ಪುಸ್ತಕ ತೆರೆದು ಅವಳ ಕಡೆ ತಿರುಗಿಸಿದರು.

"ಕರೆಂಟು ಹರೀತದೆ ಅಂತಾರಲ್ಲ, ತಂತಿ ಏನು ಪೈಪಾ? ಒಳಗೆ ಜಾಗ ಎಲ್ಲೈತೆ?"

ವೆಂಕಟಲಕ್ಷ್ಮಿ ಹಣೆ ಒತ್ತಿಕೊಂಡಳು. ಗೈಡಿನಲ್ಲಿದ್ದ ಎರಡು ಸಾಲು ನಾಲಿಗೆ ತುದಿಗೆ ಬಂದಿತ್ತು.

"ನಂಗೂ ಸರಿಯಾಗಿ ಗೊತ್ತಿಲ್ಲ ಅತ್ತೆ," ಎಂದಳು, ಸಿಟ್ಟಿನಲ್ಲೇ.