ಹವಳಕ್ಕೆ ಐದು ದಿನದ ಕೋರ್ಸು

ಭಾವನಿಗೆ ಹಲ್ಲಿನ ವಿಷಯ ಗೊತ್ತಿತ್ತು. ಇಲ್ಲವೆಂದು ಯಾರೂ ಹೇಳುವುದಿಲ್ಲ. ತೊಂದರೆ ಏನೆಂದರೆ, ಹಲ್ಲು ಗೊತ್ತಿದ್ದರೆ ಹಲ್ಲಿನಾಚೆಗಿನ ಪ್ರಪಂಚವೆಲ್ಲ ತಾನಾಗಿಯೇ ಗೊತ್ತಾಗಿಬಿಡುತ್ತದೆ ಎಂದು ಅವನು ನಂಬಿದ್ದ. ಕಾರು ರಿಪೇರಿಯವನಿಗೆ ಇಂಜಿನ್ನಿನ ಪಾಠ ಹೇಳುತ್ತಿದ್ದ, ದರ್ಜಿಗೆ ತೋಳಿನ ಅಳತೆ ಹೇಳುತ್ತಿದ್ದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ.

ಅವನ ಕ್ಲಿನಿಕ್ಕಿನಲ್ಲಿ, ಕಾಯುವವರ ಕುರ್ಚಿಗಳ ಎದುರಿಗೆ, ಗೋಡೆಯುದ್ದಕ್ಕೂ ಉಪ್ಪುನೀರಿನ ಗಾಜಿನ ತೊಟ್ಟಿ ಇತ್ತು. ಒಳಗೆ ಜೀವಂತ ಹವಳಗಳು, ನಾಲ್ಕೈದು ಮೀನು, ಕೆಂಪು ಪಟ್ಟೆಯ ಒಂದು ಸೀಗಡಿ. ಅದನ್ನು ಕಟ್ಟಿ ನಿಲ್ಲಿಸಿದವಳು ಅವನ ಹೆಂಡತಿಯ ತಂಗಿ. ಇಂಥ ತೊಟ್ಟಿಗಳನ್ನು ನೋಡಿಕೊಳ್ಳುವುದೇ ಅವಳ ಕಸುಬು. ಹದಿನಾರು ತೊಟ್ಟಿ, ವಾರಕ್ಕೊಂದು ಸುತ್ತು, ಗುರುವಾರ ಭಾವನ ಸರದಿ. ರೋಗಿಗಳು ಯಾರಾದರೂ ಚೆನ್ನಾಗಿದೆ ಎಂದರೆ ಭಾವ ಮಾಸ್ಕಿನ ಹಿಂದಿನಿಂದಲೇ "ಎಲ್ಲ ನಾನೇ ನೋಡ್ಕೊಳ್ಳೋದು" ಎನ್ನುತ್ತಿದ್ದ. ಬಕೆಟ್ ಹಿಡಿದು ಅಲ್ಲೇ ನಿಂತ ತಂಗಿಗೆ ಅವನ ಕುತ್ತಿಗೆ ಹಿಡಿದು ಆ ನೀರಿಗೇ ಅದ್ದಬೇಕು ಎನಿಸುತ್ತಿತ್ತು. ಅದ್ದದೆ ಬಿಟ್ಟದ್ದು ಮೀನುಗಳ ಮೇಲಿನ ಕರುಣೆಯಿಂದ.

ಆದರೂ ಅವಳು ವಾರವಾರ ತಪ್ಪದೆ ಬರುತ್ತಿದ್ದುದು ಒಂದು ಹವಳಕ್ಕಾಗಿ. ನಾಲ್ಕು ವರ್ಷದ ಹಿಂದೆ, ಬೇರೆಯವರ ತೊಟ್ಟಿಯಲ್ಲಿ ಸಾಯಲು ಬಿದ್ದಿದ್ದ ತುಣುಕೊಂದನ್ನು, ಕಿರುಬೆರಳ ಉಗುರಿನಷ್ಟನ್ನು, ತಂದು ಇಲ್ಲಿನ ಕಲ್ಲಿಗೆ ಅಂಟಿಸಿದ್ದಳು. ಈಗ ಅದು ಎರಡು ಬೊಗಸೆಯಷ್ಟು ಹರಡಿತ್ತು. ನಸುನೇರಳೆ ಬಣ್ಣದ ನೂರಾರು ಪುಟ್ಟ ಕೈಗಳು ಇಡೀ ದಿನ ಮುಚ್ಚುತ್ತ ತೆರೆಯುತ್ತ ಇರುತ್ತಿದ್ದವು. ಅದರ ಮೇಲೆ ಅವಳಿಗಿದ್ದ ಪ್ರೀತಿ ಅನೇಕ ಮನುಷ್ಯರ ಮೇಲೆ ಇರಲಿಲ್ಲ.

ಈ ಗುರುವಾರ ಅವಳು ಬಂದಾಗ ಆ ಕೈಗಳೆಲ್ಲ ಮುದುಡಿದ್ದವು. ನೀರು ತೆಳು ಚಹಾದ ಬಣ್ಣಕ್ಕೆ ತಿರುಗಿತ್ತು. ಗಾಜಿನ ಮೇಲೆ ಭಾವನ ಚೀಟಿ ಅಂಟಿತ್ತು: ಅಯೋಡಿನ್, ಒಂದು ಮುಚ್ಚಳ, ದಿನಕ್ಕೆ ಮೂರು ಸಲ, ಐದು ದಿನ. ಕೆಳಗೆ ಸಹಿ ಬೇರೆ.

"ಇದೇನು ಭಾವ?"

"ಬಾ, ನಿನ್ನನ್ನೇ ಕಾಯ್ತಿದ್ದೆ." ಭಾವ ಒಳಗಿನಿಂದ ಸ್ಟೀಲ್ ತಟ್ಟೆ ತಂದ. ಹತ್ತಿಯ ಮೇಲೆ ಸೀಗಡಿ ಮಲಗಿತ್ತು, ಮೀಸೆ ಸಮೇತ. "ಸೋಮವಾರ ಬೆಳಗ್ಗೆ ಸತ್ತು ಬಿದ್ದಿತ್ತು. ಅಯೋಡಿನ್ ಕೊರತೆ. ಓದಿದೆ ನಾನು. ಸೀಗಡಿಗೂ ಹವಳಕ್ಕೂ ಅಯೋಡಿನ್ ಬೇಕೇ ಬೇಕು. ನಾಲ್ಕು ವರ್ಷದಲ್ಲಿ ನೀನು ಒಂದು ಹನಿ ಹಾಕಿದ್ದೀಯಾ?"

ಕುರ್ಚಿಗಳಲ್ಲಿದ್ದ ಮೂವರು ಅವಳನ್ನು ಕೊಲೆಗಾತಿಯಂತೆ ನೋಡಿದರು. ಅವರಲ್ಲೊಬ್ಬನ ಕೆನ್ನೆ ಊದಿತ್ತು. ರೋಗಿಗಳ ಹೆಸರು ಬರೆದುಕೊಳ್ಳುವ ಮೇಜಿನ ಹಿಂದೆ ಅಕ್ಕ ತಲೆ ತಗ್ಗಿಸಿ ಕೂತಿದ್ದಳು. ಗಂಡ ಹಗಲನ್ನು ರಾತ್ರಿ ಎಂದರೆ ಎದ್ದು ದೀಪ ಹಚ್ಚುವ ಹೆಂಗಸು ಎಂದು ತಂಗಿಗೆ ಅವಳ ಮೇಲೂ ತಾತ್ಸಾರವೇ.

ತಂಗಿ ತಟ್ಟೆಯಲ್ಲಿದ್ದುದನ್ನು ಎರಡು ಬೆರಳಲ್ಲಿ ಎತ್ತಿ ಒತ್ತಿದಳು. ಈರುಳ್ಳಿ ಸಿಪ್ಪೆಯ ಹಾಗೆ ಚಪ್ಪಟೆಯಾಯಿತು. ಒಳಗೆ ಏನೂ ಇರಲಿಲ್ಲ.

"ಇದು ಹೆಣ ಅಲ್ಲ ಭಾವ, ಅಂಗಿ. ಬೆಳೆಯೋವಾಗ ಚಿಪ್ಪು ಕಳಚಿ ಹಾಕುತ್ತೆ. ಎರಡು ಮೂರು ದಿನ ಮೈ ಮೆತ್ತಗಿರುತ್ತೆ, ಅದಕ್ಕೇ ಅಡಗಿ ಕೂತಿರುತ್ತೆ. ತಿಂಗಳಿಗೊಂದು ನಾನೇ ಎತ್ತಿ ಬಿಸಾಕ್ತೀನಿ."

ಟಾರ್ಚ್ ಹಾಕಿ ತೋರಿಸಿದಳು. ಕಲ್ಲಿನ ಸಂದಿಯಿಂದ ಎರಡು ಬಿಳಿ ಮೀಸೆ ಅಲ್ಲಾಡಿದವು.

ಬೇರೆ ಯಾರಾಗಿದ್ದರೂ ನಾಚುತ್ತಿದ್ದರು. ಭಾವ ರೋಗಿಗಳ ಕಡೆ ತಿರುಗಿ, "ನೋಡಿದ್ರಾ, ಮೂರೇ ದಿನಕ್ಕೆ ಎದ್ದು ಓಡಾಡ್ತಿದೆ" ಎಂದ. ಕೆನ್ನೆ ಊದಿದವನು ಭಕ್ತಿಯಿಂದ ತಲೆದೂಗಿದ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು.

"ಹವಳ ನೋಡಿ ಭಾವ. ಸಾಯ್ತಿದೆ. ಈಗಲೇ ಅರ್ಧಕ್ಕರ್ಧ ನೀರು ಬದಲಾಯಿಸಬೇಕು."

"ಇನ್ನೂ ಎರಡು ದಿನ ಇದೆ. ಕೋರ್ಸ್ ಮಧ್ಯದಲ್ಲಿ ನಿಲ್ಲಿಸಬಾರದಮ್ಮ. ಅದೆಲ್ಲ ನಿಂಗೆ ಅರ್ಥ ಆಗಲ್ಲ."

ನಾಲ್ಕು ವರ್ಷ ನೀರು ಹೊತ್ತವಳಿಗೆ ಮೂರು ದಿನ ಮುಚ್ಚಳ ಎತ್ತಿದವನು ಹೇಳುವ ಮಾತು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವನ ಹತ್ತಿರ ವಾದ ಮಾಡಿ ಸುಖವಿಲ್ಲ. ಅವನು ಊದಿದ ಕೆನ್ನೆಯವನನ್ನು ಕರೆದುಕೊಂಡು ಒಳಗೆ ಹೋಗಿ ಡ್ರಿಲ್ ಶುರುಮಾಡಿದ್ದೇ ತಡ, ಅವಳು ಚೀಟಿ ಕಿತ್ತೆಸೆದು ನೀರಿಗೆ ಪೈಪು ಇಳಿಬಿಟ್ಟಳು.

ಮುಂದಿನ ಮನೆಗಳಿಗೆಂದು ಕಲಸಿಟ್ಟಿದ್ದ ಉಪ್ಪುನೀರಿನ ಕ್ಯಾನುಗಳು ವ್ಯಾನಿನಲ್ಲಿದ್ದವು. ಅವಳು ಒಂದನ್ನು ಎತ್ತುವಷ್ಟರಲ್ಲಿ ಇನ್ನೊಂದು ಅಕ್ಕನ ಕೈಯಲ್ಲಿತ್ತು. ಇಬ್ಬರೂ ಆರು ಕ್ಯಾನು ಹೊತ್ತು ತಂದು ಸುರಿದರು. ತಂಗಿ ಉಳಿದ ಅಯೋಡಿನ್ ಹೀರಲೆಂದು ಇದ್ದಿಲಿನ ಚೀಲ ಇಳಿಬಿಟ್ಟು, ತೋಳು ಮುಳುಗಿಸಿ ನೇರಳೆ ಹವಳವನ್ನು ಮೆಲ್ಲಗೆ ಮುಟ್ಟಿದಳು. ಮುಟ್ಟಿದಲ್ಲೆಲ್ಲ ಅದು ಲೋಳೆಯಾಗಿ ಕಲ್ಲಿನಿಂದ ಕಳಚಿ ಬಂತು. ಉಗುರಿನಷ್ಟೂ ಉಳಿದಿರಲಿಲ್ಲ.

"ಓದಿದ ಮುಠ್ಠಾಳ," ಎಂದಳು. "ನನ್ನ ನಾಲ್ಕು ವರ್ಷನ ಮೂರು ದಿನದಲ್ಲಿ ಮುಗಿಸಿದ ನಿನ್ನ ಗಂಡ. ನೀನಾದ್ರೂ ನಂಗೊಂದು ಮಾತು ತಿಳಿಸಬಾರದಿತ್ತಾ?"

"ತಿಳಿಸಿದ್ನಲ್ಲೇ." ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ. "ಸೋಮವಾರ ಫೋನ್ ಮಾಡಿದ್ದೆ. ಇವರು ಅಯೋಡಿನ್ ಬಾಟ್ಲಿ ತಂದಿದ್ದಾರೆ, ಎಷ್ಟು ಹನಿ ಹಾಕಬೇಕು ಅಂತ ಕೇಳಿದೆ. 'ಎಷ್ಟಾದ್ರೂ ಹಾಕ್ಲಿ, ಉಳಿದಿದ್ದನ್ನ ತಾವೇ ಕುಡೀಲಿ' ಅಂತ ನಕ್ಕೆ ನೀನು. ಇನ್ನೊಂದ್ಸಲ ಕೇಳೋಣ ಅನ್ನೋಷ್ಟರಲ್ಲಿ ನೀನು ಫೋನ್ ಇಟ್ಟಿದ್ದೆ."

ತಂಗಿಗೆ ನೆನಪಾಯಿತು. ಆ ಮಾತು ತನಗೇ ಎಷ್ಟು ಹಿಡಿಸಿತ್ತೆಂದರೆ, ಅವತ್ತು ಸಂಜೆ ಇನ್ನಿಬ್ಬರಿಗೆ ಹೇಳಿ ನಗಿಸಿದ್ದಳು ಕೂಡ. ಅವಮಾನದಿಂದ ಕಿವಿಯವರೆಗೆ ಮುಖ ಬಿಸಿಯಾಯಿತು.

ಅಕ್ಕ ನೆಲಕ್ಕೆ ಚೆಲ್ಲಿದ್ದ ನೀರನ್ನು ಒರೆಸತೊಡಗಿದಳು. "ಈಗಲಾದ್ರೂ ಹೇಳು. ಎಷ್ಟು ಹನಿ ಹಾಕಬೇಕಿತ್ತು?"

"ಒಂದೂ ಬೇಡ," ಎಂದಳು ತಂಗಿ. "ವಾರವಾರ ಹಾಕೋ ಹೊಸ ಉಪ್ಪುನೀರಲ್ಲೇ ಬೇಕಾದಷ್ಟು ಇರುತ್ತೆ."

ಅಕ್ಕ ಬಟ್ಟೆಯನ್ನು ಬಕೆಟ್ಟಿಗೆ ಹಿಂಡಿದಳು.

"ಒಂದೂ ಬೇಡ. ಎರಡೇ ಮಾತು. ಅಷ್ಟು ಹೇಳೋಕೆ ಆಗ್ಲಿಲ್ವೇನೇ ನಿಂಗೆ?"